ಕೀಬೋರ್ಡ್ ನೋಡದ ವಿಶಾಲಮ್ಮ ಮೇಡಂ

ಭದ್ರಾವತಿಯಲ್ಲಿ ನಾನು ಟೈಪಿಂಗ್ ಕಲಿತದ್ದು ವಿಶಾಲಮ್ಮ ಮೇಡಂ ಹತ್ತಿರ. ನಮ್ಮ ಕೈಗಳ ಮೇಲೆ ಟವೆಲ್ ಹೊದಿಸಿ ಕೂರಿಸುತ್ತಿದ್ದರು. ಕಣ್ಣು ಕಾಗದ ಬಿಟ್ಟು ಕೆಳಗಿಳಿದರೆ ಮರದ ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದರು. ಕೀ ನೋಡಿ ಹೊಡೆಯುವುದೆಂದರೆ ಅವರಿಗೆ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ. ಮೆತ್ತಗೆ ಹೊಡೆದು ಅಕ್ಷರ ಮೂಡದಿದ್ದರೆ ಇನ್ನೊಂದು ಸಲ ಜೋರಾಗಿ ಹೊಡೆಯಬೇಕು ಎನ್ನುವುದೂ ಅವರದೇ ಪಾಠ.

ಕಂಪ್ಯೂಟರ್ ಬಂದ ಮೇಲೆ ಕಲಿಯುವವರು ಕಡಿಮೆಯಾಗಿ ಅವರ ಇನ್‌ಸ್ಟಿಟ್ಯೂಟ್ ಮುಚ್ಚಿತು. ಮಾಚೇನಹಳ್ಳಿಯಲ್ಲಿ ಅವರ ಯಜಮಾನರು ದುಡಿಯುತ್ತಿದ್ದ ವರ್ಕ್‌ಶಾಪೂ ಮುಚ್ಚಿತು. ಎರಡು ಸಾವಿರದ ಒಂದರಲ್ಲಿ, ಶಿವಮೊಗ್ಗದಲ್ಲಿ ನಾನಿದ್ದ ರಕ್ತಪರೀಕ್ಷೆ ಲ್ಯಾಬಿಗೆ ಮೇಡಂ ಕೆಲಸಕ್ಕೆ ಬಂದರು. ಮೂರು ತಿಂಗಳು ನೋಡೋಣ ಎಂದಿದ್ದರು ಲ್ಯಾಬಿನ ಆನಂದ ಡಾಕ್ಟರು. ಏಳು ತಿಂಗಳ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದ ನನಗೆ, ಪಕ್ಕದ ಕುರ್ಚಿಯಲ್ಲಿ ಮೇಡಂ ಇದ್ದರೆ ಏನೋ ಧೈರ್ಯ.

ಅಕ್ಷರಗಳಲ್ಲಿ ಅವರ ವೇಗ ನನಗೆ ಈಗಲೂ ಇಲ್ಲ. ತೊಡಕಾದದ್ದು ಕೀಬೋರ್ಡಿನ ಮೇಲಿನ ಸಾಲು. ಹೊಸ ಹೆಸರಿಗೆ ಎಫ್ ಟೂ, ಹಳೆಯದನ್ನು ಹುಡುಕಲು ಎಫ್ ಫೈವ್, ಪ್ರಿಂಟಿಗೆ ಎಫ್ ಸೆವೆನ್, ಅಳಿಸಲು ಎಫ್ ಏಯ್ಟ್. ಅಷ್ಟು ದೂರಕ್ಕೆ ಬೆರಳು ಚಾಚಿದರೆ ಅವರ ಅಂದಾಜು ತಪ್ಪುತ್ತಿತ್ತು.

"ಒಂದು ಅಕ್ಷರಾನೂ ಮೂಡದ ಕೀ ಯಾಕಾದ್ರೂ ಇಟ್ಟರೋ ಮಾರಾಯ್ತಿ," ಎಂದು ಗೊಣಗುವರು, ಆದರೆ ಕೆಳಗೆ ನೋಡರು. ನಾನು ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಎಫ್ ಸೆವೆನ್ ಮೇಲೆ ಅಂಟಿಸಿದೆ. ಅದನ್ನು ಕಿತ್ತು ಮಾನಿಟರಿನ ಅಂಚಿಗೆ ಅಂಟಿಸಿ, ಬೊಟ್ಟು ನೋಡಿ ಹೊಡೆಯೋಕೆ ತಾನೇನು ಎಳೆ ಮಗುವೇ ಎಂದು ನನ್ನನ್ನೇ ಕೇಳಿದರು.

ಒಂದು ಬೆಳಿಗ್ಗೆ ಆಯನೂರಿನ ಬೀರಪ್ಪ ಎಂಬ ಹಿರಿಯರು ಖಾಲಿ ಹೊಟ್ಟೆಯಲ್ಲಿ ಬಂದು, ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟು ಹೋದರು. ಸಂಜೆ ರಿಪೋರ್ಟಿಗೆ ಬಂದಾಗ ಕಂಪ್ಯೂಟರಿನಲ್ಲಿ ಅದು ಇರಲೇ ಇಲ್ಲ. ಆದದ್ದೇನೆಂದು ನಿಧಾನಕ್ಕೆ ತಿಳಿಯಿತು. ಮೇಡಂ ಬೆರಳು ಎಫ್ ಸೆವೆನ್ ಬದಲು ಎಫ್ ಏಯ್ಟ್ ಮೇಲೆ ಬಿದ್ದಿತ್ತು. ಅಳಿಸುವುದಾದರೆ ಅದೇ ಕೀ ಮತ್ತೊಮ್ಮೆ ಒತ್ತಿ ಎಂದು ಪರದೆ ಹೇಳಿತ್ತು. ಅವರ ಕಣ್ಣು ಪರೀಕ್ಷೆಯ ಅಂಕಿ ಬರೆದಿದ್ದ ಚೀಟಿಯ ಮೇಲೆ. ಪ್ರಿಂಟರ್ ಸದ್ದಿಲ್ಲ, ಹಳೆಯ ಪಾಠದಂತೆ ಅದೇ ಕೀಯನ್ನು ಜೋರಾಗಿ ಇನ್ನೊಮ್ಮೆ ಹೊಡೆದರು. ಅದೇ ಹೊತ್ತಿಗೆ ನಾನು ಪಕ್ಕದ ಕಂಪ್ಯೂಟರಿನಿಂದ ಕೊಟ್ಟ ರಿಪೋರ್ಟಿಗೆ, ಇಬ್ಬರಿಗೂ ಒಂದೇ ಆಗಿದ್ದ ಪ್ರಿಂಟರ್ ಕಿರುಗುಟ್ಟಿತು. ತಮ್ಮದೇ ಬಂತೆಂದು ಚೀಟಿ ಹರಿದು ಬುಟ್ಟಿಗೆ ಹಾಕಿದರು. ಸಂಜೆಯೊಳಗೆ ಬುಟ್ಟಿಯೂ ಖಾಲಿಯಾಗಿತ್ತು, ರಕ್ತದ ಟ್ಯೂಬನ್ನೂ ಎಸೆದಾಗಿತ್ತು.

ಡಾಕ್ಟರು ಕೂಗಾಡಲಿಲ್ಲ. ಬೀರಪ್ಪನವರು ನಾಳೆ ಮತ್ತೆ ಬರಬೇಕೆಂದರು. ಆಮೇಲೆ ಮೇಡಂ ಕಡೆ ತಿರುಗಿ, "ಇನ್ನೊಂದು ಸಲ ಹೀಗಾದ್ರೆ ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ ವಿಶಾಲಮ್ಮ," ಎಂದರು.

ಮನೆ ನಡೆಯುತ್ತಿದ್ದುದೇ ಆ ಸಂಬಳದಲ್ಲಿ. ಆದರೆ ಬಸ್‌ಸ್ಟಾಪಿನಲ್ಲಿ ಮೇಡಂ ಸಂಬಳದ ಮಾತೆತ್ತಲಿಲ್ಲ.

"ಅಷ್ಟು ವಯಸ್ಸಾದೋರಿಗೆ ನನ್ನ ಜಂಬಕ್ಕೆ ಎರಡು ಸೂಜಿ," ಎಂದರು. ಭದ್ರಾವತಿ ಬಸ್ಸು ಬಂತು, ಹತ್ತಿದರು.

ಮರುದಿನ ಬೀರಪ್ಪನವರು ಮೊಣಕೈ ಸಂದಿಯಲ್ಲಿ ಹತ್ತಿ ಒತ್ತಿಕೊಂಡು ನಮ್ಮೆದುರೇ ಕುಳಿತರು.

"ಈ ಸಲನಾದ್ರೂ ನನ್ ರಕ್ತ ಕಾಗದಕ್ಕೆ ಇಳಿಯುತ್ತೇನವ್ವ?"

ಡಾಕ್ಟರು ಹಿಂದೆ ಬಂದು ನಿಂತಿದ್ದರು. ಹೆಸರು, ವಯಸ್ಸು, ಅಂಕಿ, ಎಲ್ಲವೂ ಎಂದಿನಂತೆ ಚೀಟಿ ನೋಡುತ್ತಲೇ ಮುಗಿದವು. ಆಮೇಲೆ ಮೇಡಂ ಕೈ ನಿಂತಿತು. ನಾನು ನೋಡುತ್ತಿರುವಾಗ ಕೀಬೋರ್ಡಿನತ್ತ ಬಗ್ಗಲು ಅವರಿಗೆ ಆಗದೆಂದು ನನಗೆ ಅರ್ಥವಾಯಿತು. ಬೇಕೆಂದೇ ಬೆನ್ನು ತಿರುಗಿಸಿ, ಜೋಡಿಸಿದ್ದ ಟ್ಯೂಬುಗಳನ್ನೇ ಮತ್ತೆ ಜೋಡಿಸತೊಡಗಿದೆ.

ಕೀ ಒಂದೇ ಸಲ ಸದ್ದು ಮಾಡಿತು. ಪ್ರಿಂಟರ್ ಕಿರುಗುಟ್ಟಿತು.

"ಈ ಕಡೆ ತಿರುಗು ಕವನ. ಬಗ್ಗಿ ನೋಡೇ ಹೊಡೆದೆ. ಎಷ್ಟು ಮಾರ್ಕ್ಸ್ ಕಳೀತೀಯ?"

"ಆ ಕೀ ನಮ್ಮ ಸಿಲೆಬಸ್‌ನಲ್ಲಿ ಇರ್ಲಿಲ್ಲ ಮೇಡಂ."

ಡಾಕ್ಟರು ಒಳಗೆ ಹೋದರು. ಮೂರು ತಿಂಗಳು ಕಳೆದ ಮೇಲೂ ಆ ಕುರ್ಚಿ ಮೇಡಂದೇ ಆಗಿ ಉಳಿಯಿತು. ಅವತ್ತು ಅವರು ಹಾಳೆ ಹರಿದು ಬೀರಪ್ಪನವರಿಗೆ ಎರಡೂ ಕೈಯಿಂದ ಕೊಟ್ಟರು. ಆಮೇಲೆ ಮಾನಿಟರಿನ ಅಂಚಿನಲ್ಲಿದ್ದ ಬೊಟ್ಟು ಬಿಡಿಸಿ, ಎಫ್ ಸೆವೆನ್ ಮೇಲಿಟ್ಟು, ಹೆಬ್ಬೆರಳಿಂದ ಒತ್ತಿ ಅಂಟಿಸಿದರು.