ವಿಯೆಟ್ನಾಮಿನಿಂದ ಕಂಡ ಕಲ್ಯಾಣದ ಅಡಿಗೆಮನೆ

ನನ್ನ ಅಣ್ಣ ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಬೈಯಲಿಕ್ಕೆ ಹೇಳುತ್ತಿರುವ ಮಾತಲ್ಲ ಇದು. ಮುಂಬಯಿಯಾಚೆಯ ಕಲ್ಯಾಣ ಸ್ಟೇಷನ್ನಿನ ಹತ್ತಿರ ಅರ್ಧ ಆಯುಷ್ಯ ಶಾಕಾಹಾರಿ ಹೋಟೆಲು ನಡೆಸಿದವನು ಇನ್ನು ಹೇಗಾಗಬೇಕು? ಹಾಲಿನವನು ನೀರು ಬೆರೆಸುತ್ತಾನೆ, ತರಕಾರಿಯವನು ಬುಟ್ಟಿಯ ಮೇಲೆ ಒಳ್ಳೆಯದಿಟ್ಟು ಕೆಳಗೆ ಕೊಳೆತದ್ದು ತುಂಬುತ್ತಾನೆ, ಗಿರಾಕಿ ಮುಕ್ಕಾಲು ದೋಸೆ ತಿಂದ ಮೇಲೆ ಕೂದಲು ಸಿಕ್ಕಿತೆನ್ನುತ್ತಾನೆ. ಈ ಹುಡುಗ ನಿದ್ದೆಯಲ್ಲೂ ಒಂದು ಕಿವಿಯನ್ನು ಬಾಗಿಲ ಕಡೆಗೇ ಇಟ್ಟಿರುತ್ತಾನೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು.

ಅವನು ಪೂರ್ತಿ ನಂಬಿದ್ದು ಒಬ್ಬರನ್ನೇ, ಅಡಿಗೆಯ ಭಟ್ರನ್ನು. ಕುಂದಾಪುರದ ಕಡೆಯಿಂದ ಬಂದು ಅವನ ಅಡಿಗೆಮನೆ ಹೊಕ್ಕವರು ಮತ್ತೆ ಬೇರೆ ಹೋಟೆಲಿನ ಮೆಟ್ಟಿಲು ಹತ್ತಿರಲಿಲ್ಲ. ಸಾಂಬಾರನ್ನು ನಾಲಗೆಗೆ ಹಚ್ಚಿ ನೋಡುವ ಕ್ರಮ ಅವರದಲ್ಲ. ದೇವರ ಪಟದ ಎದುರು ಇಡುವ ಮೊದಲು ರುಚಿ ನೋಡಬಾರದು. ಸೌಟು ಎತ್ತಿ, ಆವಿಗೆ ಮೂಗು ಕೊಟ್ಟು, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, "ಉಪ್ಪು ಚೂರು ಹಿಂದೆ ಉಂಟು" ಎನ್ನುವರು. ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಮೊದಲು ಜನ ಅಲ್ಲಿ ನಿಲ್ಲುತ್ತಿದ್ದದ್ದು ಹೋಟೆಲಿನ ಬೋರ್ಡು ನೋಡಿ ಅಲ್ಲ, ಆ ಮೂಗನ್ನು ನಂಬಿ. ಭಟ್ರು ಹೋದರೆ ಹೋಟೆಲು ಹೋದ ಹಾಗೆಯೇ ಎಂದು ಅಣ್ಣನಿಗೆ ಗೊತ್ತಿತ್ತು. ಆ ಭಯವೇ ಈ ಕಥೆಯ ಬೇರು.

ವಿದೇಶಕ್ಕೆ ಹೋಗಬೇಕೆಂದು ಹಟ ಹಿಡಿದದ್ದು ಅತ್ತಿಗೆ. ಡೊಂಬಿವಲಿಯಿಂದ ಹೊರಡುವ ಗುಂಪು, ಜೊತೆಗೇ ಅಡಿಗೆಯವರು, ಈರುಳ್ಳಿ ಬೇಡವೆಂದರೆ ಅದಕ್ಕೂ ವ್ಯವಸ್ಥೆ. ವಿಯೆಟ್ನಾಂ. ನನ್ನವರಿಗೆ ವಿಮಾನವೆಂದರೆ ಆಗದು, ಹಾಗಾಗಿ ಅಣ್ಣ ಅತ್ತಿಗೆಯ ಜೊತೆ ನಾನೊಬ್ಬಳೇ ಸೇರಿಕೊಂಡೆ. ಅಣ್ಣ ಒಪ್ಪಿದ್ದೇ ಆಶ್ಚರ್ಯ. ಆದರೆ ಹೊರಡುವ ಮುಂಚಿನ ವಾರ ಹೋಟೆಲಿನ ಅಡಿಗೆಮನೆಯ ಗೋಡೆಯಲ್ಲಿ ಒಂದು ಬಿಳಿ ಕ್ಯಾಮೆರಾ ಬಂದು ಕೂತಿತು.

"ಗ್ಯಾಸ್ ಸಿಲಿಂಡರಿನ ಮೇಲೆ ಒಂದು ಕಣ್ಣಿರ್ಲಿ ಅಂತ ಭಟ್ರೇ, ಬೇರೆಂತ ಇಲ್ಲ" ಎಂದನಂತೆ ಅಣ್ಣ.

ಆಪ್ ಹಾಕಿಕೊಟ್ಟವಳು ಅವನ ಮಗಳು. ಅವಳಿಗೆ ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಉಂಗ್ಲಿ ಇಧರ್ ಸರಕಾವೋ, ಕ್ಯಾಮೆರಾ ಉಧರ್ ಘೂಮೇಗಾ" ಎಂದು, ಬೆರಳು ಇಲ್ಲಿ ಸರಿದರೆ ಕ್ಯಾಮೆರಾ ಅಲ್ಲಿ ತಿರುಗುವುದನ್ನು ತೋರಿಸಿದಳು. ಅಣ್ಣ ಬೆರಳು ಸರಿಸಿ ಸರಿಸಿ ನೋಡಿದ. ಡೊಂಬಿವಲಿಯ ಮನೆಯ ಸೋಫಾದ ಮೇಲೆ ಕೂತು ಕಲ್ಯಾಣದ ರುಬ್ಬುವ ಯಂತ್ರದಿಂದ ಇಡ್ಲಿ ಪೆಟ್ಟಿಗೆಯವರೆಗೆ ಒಂದು ಸುತ್ತು ಹೊಡೆದು ಬಂದ. ಮುಖದಲ್ಲಿ ಎಂಥ ಸಂತೋಷ!

ಇನ್ನು ನನ್ನ ಫೋನಿನ ವಿಷಯ. ಸ್ಟೇಷನ್ ರಸ್ತೆಯ ಅಂಗಡಿಯವನು ನನಗೆ ಮಾರಿದ್ದು ಕಣ್ಣಿಗೆ ಕಾಣದ ಸಿಮ್ಮು, ಇ-ಸಿಮ್ ಅಂತೆ. ಚೌಕದ ಚಿತ್ರವೊಂದನ್ನು ಫೋನಿಗೆ ತೋರಿಸಿದ, ಆಯಿತು ಎಂದ.

"ಎಂತ ಆಯ್ತು? ಕೈಗೆ ಎಂತ ಕೊಟ್ಟ ಅವ?" ಅತ್ತಿಗೆ ಕೇಳಿದರು.

"ಕೊಡ್ಲಿಕ್ಕೆ ಎಂತದೂ ಇಲ್ವಂತೆ ಅತ್ತಿಗೆ. ಒಳಗೇ ಇರ್ತದಂತೆ."

"ಒಳಗೆ ಇಲ್ಲದಿದ್ರೆ ವಿಯೆಟ್ನಾಮಿನಲ್ಲಿ ಯಾರ ಹತ್ರ ಕೇಳ್ತೀ?"

ನನಗೂ ಅದೇ ಯೋಚನೆ. ಆದರೆ ಅಲ್ಲಿ ಇಳಿದು ಸ್ವಿಚ್ಚು ಒತ್ತಿದ ಕೂಡಲೇ ಸಿಗ್ನಲ್ಲು ಬಂತು. ಅಣ್ಣ ವಿಮಾನ ನಿಲ್ದಾಣದಲ್ಲಿ ಸಿಮ್ಮು ಮಾರುವವರ ಕಡೆ ತಿರುಗಿಯೂ ನೋಡಲಿಲ್ಲ. "ಪಾಸ್‌ಪೋರ್ಟಿನ ಫೋಟೋ ತೆಗೀತಾರೆ, ಮತ್ತೆ ಅದರಲ್ಲಿ ಎಂತ ಮಾಡ್ತಾರೋ" ಎಂದ. ನಾವು ಇಳಿದುಕೊಂಡ ಹೋಟೆಲಿನ ವೈ-ಫೈ ಕೂಡ ಬೇಡ. ಅದಕ್ಕೆ ಜೋಡಿಸಿದರೆ ಅವನ ಅಡಿಗೆಮನೆ ಊರಿಗೆಲ್ಲ ಕಾಣುತ್ತದಂತೆ. ಕೊನೆಗೆ, "ನಿನ್ನ ಹಾಟ್‌ಸ್ಪಾಟ್ ಉಂಟಲ್ಲ ಮಾರಾಯ್ತಿ, ಎರಡು ಮೆಸೇಜು ನೋಡ್ಲಿಕ್ಕೆ ಅಷ್ಟೇ" ಎಂದು ಪಾಸ್‌ವರ್ಡು ತೆಗೆದುಕೊಂಡ.

ಪ್ರವಾಸ ಅರ್ಧವಾಗುವ ಮುಂಚೆಯೇ ಫೋನಿಗೊಂದು ಸಂದೇಶ ಬಂತು: ನಿಮ್ಮ ಡೇಟಾ ಮುಗಿಯುತ್ತ ಬಂದಿದೆ. ನಾನು ನೋಡಿದ್ದು ದಾರಿಯ ನಕ್ಷೆ, ಮೊಮ್ಮಗಳ ನಾಲ್ಕು ಫೋಟೋ, ಅಷ್ಟೇ. ಸ್ಟೇಷನ್ ರಸ್ತೆಯವನ ಮುಖ ಕಣ್ಣೆದುರು ಬಂತು. ಕಾಣದ ವಸ್ತುವಿನಲ್ಲಿ ಅವನು ಎಷ್ಟು ತುಂಬಿದ್ದಾನೆಂದು ನೋಡಿದವರು ಯಾರು? ಆಮೇಲೆ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನ, ಥಾಣೆ ಊರಿನವರೊಬ್ಬರ ಮೇಲೆ ಅನುಮಾನ ಹೋಯಿತು. ನಿವೃತ್ತರು, ಸಭ್ಯರು, ಆದರೆ ದಿನವಿಡೀ ವಿಡಿಯೋ. ನಾನು ಪಾಸ್‌ವರ್ಡು ಒತ್ತುವಾಗ ಹೆಗಲ ಮೇಲಿನಿಂದ ಇಣುಕಿರಬಹುದೇ? ಅವರು ಒಮ್ಮೆ "ತಾಯಿ, ಚಕ್ಕುಲಿ ತಗೋತೀರಾ?" ಎಂದು ಮರಾಠಿಯಲ್ಲಿ ಕೇಳಿದರು. ತೆಗೆದುಕೊಂಡೆ, ಆದರೆ ಅನುಮಾನ ಬಿಡಲಿಲ್ಲ. ಇಷ್ಟು ಪ್ರೀತಿ ಯಾಕೆ ಈ ಮನುಷ್ಯನಿಗೆ ಎನಿಸಿತು. ಊಟಕ್ಕೆ ಇಳಿದಾಗ ಸದ್ದಿಲ್ಲದೆ ಪಾಸ್‌ವರ್ಡು ಬದಲಿಸಿದೆ.

ಅನ್ನಕ್ಕೆ ತಿಳಿಸಾರು ಕಲಸುತ್ತಿರುವಾಗ ಬಂದವನು ನಮ್ಮ ಅಣ್ಣ. "ಪಾಸ್‌ವರ್ಡ್ ಎಂತಕ್ಕೆ ಬದಲು ಮಾಡಿದ್ದು ನೀನು?"

"ಯಾರೋ ನನ್ನ ಡೇಟಾ ಕದೀತಿದ್ದಾರೆ ಅಣ್ಣ."

"ಹೌದಾ?" ಎಂದ. ಆ "ಹೌದಾ" ಎಷ್ಟು ಸಣ್ಣಗಿತ್ತೆಂದರೆ ನಾನು ಕೈ ತೊಳೆದು ಎದ್ದು ಅವನ ಫೋನು ಕಸಿದುಕೊಂಡೆ. ತೆರೆದ ಪರದೆಯಲ್ಲಿ, ಸುತ್ತುತ್ತ ನಿಂತ ಒಂದು ಚಕ್ರದ ಹಿಂದೆ, ಭಟ್ರ ಬೆನ್ನು.

ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಅವನು ನೋಡುತ್ತಿದ್ದದ್ದು ಅದನ್ನೇ. ಕಿವಿಗೆ ವಯರು ಇಲ್ಲ, ಆ ಕ್ಯಾಮೆರಾದಲ್ಲಿ ಅವನಿಗೆ ಸದ್ದು ಕೇಳುತ್ತಿರಲಿಲ್ಲ. ಸಮುದ್ರದ ನಡುವೆ ಬೆಟ್ಟಗಳು ಎದ್ದು ನಿಂತ ಜಾಗಕ್ಕೆ ದೋಣಿಯಲ್ಲಿ ಕರೆದುಕೊಂಡು ಹೋದರು. ಎಲ್ಲರೂ ಅಬ್ಬಾ ಎನ್ನುತ್ತ ಕತ್ತೆತ್ತಿದ್ದರೆ ಅಣ್ಣ ತಲೆತಗ್ಗಿಸಿ ಕಲ್ಯಾಣದಲ್ಲಿ ತೆಂಗಿನಕಾಯಿ ತುರಿಯುವುದನ್ನು ನೋಡುತ್ತಿದ್ದ. ಹಾಗಿದ್ದೂ ನಾನು ಹೊಸ ಪಾಸ್‌ವರ್ಡು ಕೊಟ್ಟೆ. ಆ ಸಂಜೆ ಅವನು ತೋರಿಸಿದ್ದು ನನ್ನನ್ನೂ ಹಿಡಿದು ನಿಲ್ಲಿಸಿತು.

"ಈ ಚೆಕ್ಸ್ ಶರ್ಟಿನವ ಯಾರು ಹೇಳು? ನಿನ್ನೆಯೂ ಬಂದಿದ್ದ."

ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚೆ ಹೋಟೆಲಿನ ಅಡಿಗೆಮನೆ ತಣ್ಣಗಿರುತ್ತದೆ. ಕೆಲಸದವರು ಹಾಲ್‌ನಲ್ಲಿ ಅಡ್ಡಾಗುತ್ತಾರೆ. ಆ ಹೊತ್ತಿಗೆ ಅಪರಿಚಿತನೊಬ್ಬ ಹಿಂದಿನ ಬಾಗಿಲಿನಿಂದ ಬಂದು ಭಟ್ರ ಎದುರು ಸ್ಟೂಲಿನಲ್ಲಿ ಕೂತಿದ್ದ. ಭಟ್ರು ಜೇಬಿನಿಂದ ಮೊಬೈಲು ತೆಗೆದು ಏನೋ ತೋರಿಸಿದರು. ಅವನು ತನ್ನ ಮೊಬೈಲಿಗೆ ಅದನ್ನು ಇಳಿಸಿಕೊಂಡ. ಚಿತ್ರ ಅಲ್ಲಿಗೇ ನಿಂತಿತು. ಮತ್ತೆ ಚಲಿಸಿದಾಗ ಇಬ್ಬರೂ ನಗುತ್ತಿದ್ದರು.

"ಸಾಂಬಾರು ಪುಡಿಯ ಅಳತೆ ಕೊಟ್ಟಾಯ್ತು" ಎಂದ ಅಣ್ಣ.

"ಛೇ, ಭಟ್ರು ಹಾಗೆ ಮಾಡ್ಲಿಕ್ಕಿಲ್ಲ."

"ಮತ್ತೆ ಹಿಂದಿನ ಬಾಗಿಲಿನಿಂದ ಯಾಕೆ ಬರೂದು?"

ಮಾತು ಕೇಳದೆ ಬರೀ ಮುಖ ನೋಡುತ್ತ ಕೂತರೆ ನಗು ಕೂಡ ಸಂಚಿನ ಹಾಗೆ ಕಾಣುತ್ತದೆ. ಮರುದಿನ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಫೋನಿಗೆ ತಲೆ ಜೋಡಿಸಿದೆವು. ಅಣ್ಣನ ಬೆರಳು ಭಟ್ರ ಹಿಂದೆಯೇ ಸರಿಯುತ್ತಿತ್ತು. ಅವರು ರುಬ್ಬುವಲ್ಲಿಗೆ ಹೋದರೆ ಅಲ್ಲಿ, ಒಲೆಗೆ ಬಂದರೆ ಇಲ್ಲಿ. ಚೆಕ್ಸ್ ಶರ್ಟಿನವನು ಮತ್ತೆ ಬಂದ. ಈ ಸಲ ಭಟ್ರು ಎದ್ದು ನಿಂತು ಅವನ ಕೈ ಹಿಡಿದರು. ಒಮ್ಮೆ ತಲೆಯೆತ್ತಿ ನೇರ ನಮ್ಮ ಕಡೆಗೇ ನೋಡಿದರು. ಅಲ್ಲಿಗೆ ಡೇಟಾ ಮುಗಿಯಿತು. ಪರದೆಯಲ್ಲಿ ಭಟ್ರ ಮುಖ ಹಾಗೇ ನಿಂತುಬಿಟ್ಟಿತು.

ಅಣ್ಣ ರಾತ್ರಿ ಊಟ ಮಾಡಲಿಲ್ಲ.

ಮರುದಿನ ಬೆಳಗಿನ ತಿಂಡಿಯ ಮೇಜಿನಲ್ಲಿ ಅತ್ತಿಗೆಯ ಫೋನು ಟಿಣ್ ಎಂದಿತು. ಅವರಿಗೆ ಹೋಟೆಲಿನ ವೈ-ಫೈ ಮೇಲೆ ಯಾವ ತಕರಾರೂ ಇರಲಿಲ್ಲ. ಭಟ್ರ ದನಿಯ ಸಂದೇಶ. ಅತ್ತಿಗೆ ಸ್ಪೀಕರಿಗೇ ಹಾಕಿದರು.

"ಅಮ್ಮಾ, ನಮಸ್ಕಾರ. ಧಣಿಯ ಫೋನು ಹೋಗ್ತಾ ಇಲ್ಲ, ಅದಕ್ಕೆ ನಿಮಗೆ ಹಾಕಿದ್ದು. ಆ ಕ್ಯಾಮೆರಾದ ಕುತ್ತಿಗೆ ನಿನ್ನೆಯಿಂದ ನನ್ನ ಮೋರೆಗೇ ನಿಂತಿದೆ. ಇಷ್ಟು ದಿನ ನಾನು ಹೋದಲ್ಲಿಗೆ ಕಿರ್ರ್ ಕಿರ್ರ್ ಅಂತ ತಿರುಗ್ತಾ ಇತ್ತು, ಹುಡುಗರೆಲ್ಲ ನೆಗಾಡ್ತಿದ್ರು. ಈಗ ಕದಲೂದೇ ಇಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿ ಮಲಗ್ಲಿಕ್ಕೆ ಹೇಳಿ ಧಣಿಗೆ. ಸಿಲಿಂಡರು ಮೂಲೆಯಲ್ಲಿ ಉಂಟು ಅಮ್ಮಾ. ನಾನು ಸಿಲಿಂಡರಲ್ಲ."

ಅತ್ತಿಗೆ ಫೋನನ್ನು ಮೆಲ್ಲಗೆ ಕೆಳಗಿಟ್ಟರು. "ನೀವು ಇಲ್ಲಿ ಬೆರಳು ಆಡಿಸಿದ್ರೆ ಅಲ್ಲಿ ಅದರ ತಲೆ ತಿರುಗೂದು ಅವರಿಗೆ ಕಾಣ್ತದಾ?"

ಅಣ್ಣನಿಗೆ ಅದು ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ. ಸಮುದ್ರದಾಚೆಯಿಂದ ಕದ್ದು ನೋಡುತ್ತಿದ್ದೇವೆಂದು ನಾವು ಅಂದುಕೊಂಡಿದ್ದರೆ, ಅಲ್ಲಿ ಇಡೀ ಅಡಿಗೆಮನೆಯ ಎದುರು ಆ ಬಿಳಿ ತಲೆ ಒಬ್ಬರ ಬೆನ್ನ ಹಿಂದೆಯೇ ಕಿರುಗುಟ್ಟುತ್ತ ತಿರುಗುತ್ತಿತ್ತು. ಡೇಟಾ ಮುಗಿದ ಮೇಲೆ ಅದಕ್ಕೆ ತಿರುಗುವುದೂ ಇಲ್ಲವಾಯಿತು.

"ಈಗಲೇ ಮಾತಾಡಿ. ತಪ್ಪಾಯ್ತು ಅಂತ ಒಂದು ಮಾತು ಹೇಳಿ ಸಾಕು" ಎಂದು ಅತ್ತಿಗೆ ತಾವೇ ಕರೆ ಮಾಡಿ ಫೋನು ಅವನ ಕೈಗಿಟ್ಟರು. ವೈ-ಫೈ ಯಾರದೆಂದು ಅಣ್ಣ ಈ ಸಲ ಕೇಳಲಿಲ್ಲ. ಕೇಳಿದ್ದು ಬೇರೆಯೇ.

"ಭಟ್ರೇ, ಆ ಚೆಕ್ಸ್ ಶರ್ಟಿನವ ಯಾರು?"

ಅತ್ತಿಗೆ ಹಣೆ ಚಚ್ಚಿಕೊಂಡರು. ಆ ಕಡೆ ಕುಕ್ಕರ್ ಎರಡು ಸಲ ಕೂಗಿತು.

"ನವಿ ಮುಂಬಯಿಯ ಖಾರಘರದವರು. ಹೊಸ ಹೋಟೆಲು ಹಾಕ್ತಾರೆ. ನನ್ನನ್ನು ಕರೀಲಿಕ್ಕೆ ಬಂದದ್ದು."

"ನೀವೆಂತ ಹೇಳಿದ್ರಿ?"

"ಮೊದಲ ದಿನ ಆಗೂದಿಲ್ಲ ಅಂದೆ. ಮರುದಿನ ಬೇರೆ ಯಾರಾದ್ರೂ ಇದ್ರೆ ಹೇಳಿ ಅಂತ ಬಂದ್ರು, ನಮ್ಮೂರಿನ ಒಬ್ಬನ ನಂಬರು ತೋರಿಸಿದೆ."

"ನಿನ್ನೆ?"

"ನಿನ್ನೆ ನಾನೇ ಕರೆದೆ ಧಣಿ."

ಭಟ್ರೇ ಕೇಳಿದರು, "ಇವತ್ತಿನ ಸಾಂಬಾರಿಗೆ ನುಗ್ಗೆ ಹಾಕ್ಲಾ, ಕುಂಬಳವಾ? ನೀವು ನೋಡ್ತಾ ಇರೂದಾದ್ರೆ ಹೇಳಿಬಿಡಿ."

ಹಿಂತಿರುಗಿದ ದಿನ ಅಣ್ಣ ಮನೆಗೆ ಬರಲಿಲ್ಲ. ಪೆಟ್ಟಿಗೆಗಳನ್ನು ನಮ್ಮ ಜೊತೆ ಡೊಂಬಿವಲಿಗೆ ಕಳಿಸಿ, ಪ್ರವಾಸದವರು ಕೊಟ್ಟ ಟೋಪಿಯಲ್ಲೇ ಕಲ್ಯಾಣಕ್ಕೆ ಹೋದ. ತಾನೇ ಸ್ಟೂಲು ಹತ್ತಿ ಸ್ಕ್ರೂ ಬಿಚ್ಚಿ ಕ್ಯಾಮೆರಾ ಇಳಿಸಿದನಂತೆ. ಭಟ್ರು ಸ್ಟೂಲನ್ನು ಅಲುಗಾಡದಂತೆ ಹಿಡಿದುಕೊಂಡಿದ್ದರಂತೆ. ಅವನು ಕೆಳಗಿಳಿದ ಮೇಲೆ, "ನಾನು ಅವರಿಗೆ ಮಾತು ಕೊಟ್ಟಾಯ್ತು ಧಣಿ" ಎಂದರಂತೆ, ಅಷ್ಟೇ. ಅಣ್ಣ ಸಂಬಳದ ಮಾತೆತ್ತಿದ. ಭಟ್ರು ಅದನ್ನು ಕೇಳಿಸಿಕೊಳ್ಳದವರಂತೆ ಒಲೆಯ ಉರಿ ಸಣ್ಣ ಮಾಡಿದರು. ಹೊಸ ಅಡಿಗೆಯವನ ಕೈ ಕುದುರುವವರೆಗೂ ನಿಂತು, ಅವನಿಗೆಲ್ಲ ತೋರಿಸಿಕೊಟ್ಟು, ಹೊರಟೇಹೋದರು. ಸಾಂಬಾರು ಪುಡಿಯ ಅಳತೆಯನ್ನೂ ಅವನಿಗೆ ಹೇಳಿಕೊಟ್ಟೇ ಹೋದರು.

ಆಮೇಲೊಮ್ಮೆ ಸಂಬಂಧಿಕರ ಗೃಹಪ್ರವೇಶಕ್ಕೆಂದು ಖಾರಘರಕ್ಕೆ ಹೋಗಿದ್ದೆ. ಕಾಲು ತಾನಾಗಿ ಆ ಹೊಸ ಹೋಟೆಲಿನ ಕಡೆ ಎಳೆಯಿತು. ಹೊಳೆಯುವ ಮೇಜು, ಕಿಟಕಿಯಾಚೆ ಬೆಟ್ಟ, ಕಾಲೇಜಿನ ಮಕ್ಕಳ ಗಲಗಲ. ಇಡ್ಲಿ ಬಂತು. ಸಾಂಬಾರಿನ ಬಟ್ಟಲಿನ ಆವಿ ಮೂಗಿಗೆ ತಾಗಿದ ಕೂಡಲೇ ಅದು ಯಾರ ಕೈಯೆಂದು ಗೊತ್ತಾಯಿತು. ಮಾಣಿಯ ಹತ್ತಿರ ಹೇಳಿ ಕಳಿಸಿದೆ. ಭಟ್ರು ಪಂಚೆಗೆ ಕೈ ಒರೆಸುತ್ತ ಬಂದರು.

"ಅಕ್ಕ! ನೀವಾ? ಯಾವಾಗ ಬಂದ್ರಿ?" ಮುಖ ಅರಳಿತ್ತು. ಮರುಗಳಿಗೆಗೆ ಅದು ಸ್ವಲ್ಪ ಮುದುಡಿತು. "ಧಣಿ ಕಳಿಸಿದ್ದಾ?"

"ಇಲ್ಲ ಭಟ್ರೇ, ನಾನಾಗಿಯೇ ಬಂದದ್ದು. ಅವನಿಗೆ ಗೊತ್ತೂ ಇಲ್ಲ."

"ಹೌದಾ" ಎಂದರು. ಕಣ್ಣು ನನ್ನ ಮುಖದ ಮೇಲಿರಲಿಲ್ಲ. ನೀರಿನ ಲೋಟಕ್ಕೆ ಒರಗಿಸಿಟ್ಟ ನನ್ನ ಮೊಬೈಲಿನ ಮೇಲಿತ್ತು. ಗೃಹಪ್ರವೇಶದ ಫೋಟೋ ನೋಡುತ್ತ ನಾನೇ ಹಾಗೆ ನಿಲ್ಲಿಸಿದ್ದೆ. ಅದರ ಬೆನ್ನಿನ ಕ್ಯಾಮೆರಾ ಅವರ ಕಡೆಗಿತ್ತು.

"ಅದನ್ನೊಮ್ಮೆ ಬ್ಯಾಗಿನೊಳಗೆ ಇಡ್ತೀರಾ ಅಕ್ಕ?"

ಇಟ್ಟೆ. ಜಿಪ್ಪು ಎಳೆದೆ. ಅದು ಪೂರ್ತಿ ಮುಚ್ಚುವವರೆಗೆ ನೋಡಿ ಆಮೇಲೆ ಭಟ್ರು ಎದುರಿನ ಕುರ್ಚಿ ಎಳೆದು ಕೂತರು.

"ಈಗ ಹೇಳಿ. ಧಣಿ ಹೊತ್ತಿಗೆ ಸರಿಯಾಗಿ ಊಟ ಮಾಡ್ತಾರಾ?"