ಪೇಶ್ಕಾರರ ಹಿತ್ತಲಿನ ಎಮ್ಮೆ

ಲಿಂಗಸುಗೂರಿನ ಕಚೇರಿಗೆ ಹೊಸ ತಹಶೀಲ್ದಾರರು ಬಂದಾಗ ನಾನು ಚೊಚ್ಚಲ ಬಾಣಂತಿ. ನನ್ನ ಗಂಡ ಆ ಕಚೇರಿಯಲ್ಲಿ ಪೇಶ್ಕಾರರಾಗಿದ್ದರು. ರೈತರು ಕೊಟ್ಟ ಅರ್ಜಿ, ಹೊಲದ ತಕರಾರು ಎಲ್ಲವನ್ನೂ ಜೋಡಿಸಿ ತಹಶೀಲ್ದಾರರ ಮುಂದಿಡುವುದು ಅವರ ಕೆಲಸ. ನೌಕರಿ ಸಣ್ಣದೇ. ಆದರೆ ಯಾವ ಕಾಗದ ಮೇಲೆ ಬರಬೇಕು, ಯಾವುದು ಕೆಳಗೆ ಉಳಿಯಬೇಕು ಎನ್ನುವುದು ಅವರ ಕೈಯಲ್ಲಿತ್ತು. ಹೀಗಾಗಿ ಹಬ್ಬ ಬಂತೆಂದರೆ ನಮ್ಮ ಪಡಸಾಲೆಗೆ ಶೇಂಗಾ, ಬೆಲ್ಲ, ಬಾಳೆಗೊನೆ ತಾವಾಗಿಯೇ ಬರುತ್ತಿದ್ದವು. ಅದನ್ನು ಲಂಚವೆಂದು ನಮ್ಮಲ್ಲಿ ಯಾರೂ ಕರೆಯುತ್ತಿರಲಿಲ್ಲ. ನಿಜಾಮರ ರಾಜ್ಯದಲ್ಲಿ ದೊಡ್ಡವರ ಮುಂದೆ ಬರಿಗೈಲಿ ನಿಲ್ಲುವುದು ಮರ್ಯಾದೆಗೇಡು ಎಂದೇ ಎಲ್ಲರೂ ತಿಳಿದಿದ್ದರು.

ಹೊಸ ಸಾಹೇಬರು ಬಂದು ಹೆಚ್ಚು ದಿನವಾಗಿರಲಿಲ್ಲ, ಸಂತೆಯಲ್ಲಿ ಡಂಗುರ ಸಾರಿಸಿದರು. ಕಚೇರಿಯವರಾಗಲಿ ಅವರ ಮನೆಮಂದಿಯಾಗಲಿ ಯಾರಿಂದಲೂ ಏನನ್ನೂ ತೆಗೆದುಕೊಳ್ಳಕೂಡದು. ಇನ್ನೊಬ್ಬರ ಕೆಲಸ ಹಿಡಿದು ಬರುವ ದಲ್ಲಾಳಿ, ತಾನು ಯಾರ ಕಡೆಯವನೆಂದು ಕಚೇರಿಯ ಅಂಗಳದಲ್ಲಿ ಮಂದಿಯ ಎದುರು ಹೇಳಿಯೇ ಬಾಯಿ ತೆರೆಯಬೇಕು. ನೌಕರರ ಮನೆಯ ಕಡೆ ಸುಳಿಯಕೂಡದು. ತಪ್ಪಿದರೆ ನೌಕರಿ ಹೋಗುತ್ತದೆ, ಜೇಲೂ ಆಗಬಹುದು.

ಆ ಮಧ್ಯಾಹ್ನ ಗಂಡ ಊಟಕ್ಕೆ ಕುಳಿತು ರೊಟ್ಟಿಯನ್ನು ಮುರಿಯುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ.

"ಹಬ್ಬಕ್ಕ ಪ್ರೀತಿಯಿಂದ ತಂದದ್ದ ಬ್ಯಾಡ ಅನ್ನಾಕ ಬರ್ತೈತೇನು?" ಎಂದರು ಅತ್ತೆ. "ಇಂಥಾ ಹುಕುಂ ಭಾಳ ನೋಡೀನಿ. ನಾಕು ದಿನ ಇರ್ತಾವ."

"ಇದು ಹಂಗಲ್ಲವ್ವಾ. ಇವರು ಮಾಡಿ ತೋರಸೋರು. ಇನ್ನ ಮ್ಯಾಲ ಯಾರರ ಒಂದು ನಿಂಬಿಹಣ್ಣು ಕೊಟ್ರೂ ಹೊಸ್ತಿಲ ಒಳಗ ತಗೋಬ್ಯಾಡ್ರಿ."

ಮರುವಾರ ಅವರನ್ನು ಮಸ್ಕಿಗೆ ಕಳಿಸಿದರು. ಅಲ್ಲಿ ಊರ ದನಕುರಿಗಳು ಮೇಯುವ ಗಾಯರಾಣ ಭೂಮಿಯನ್ನು ಆ ಕಡೆಯ ಒಬ್ಬ ದೇಸಾಯರು ತಮ್ಮದೆಂದು ಬೇಲಿ ಹಾಕಿಸಿದ್ದರು. ಕುರುಬರು ಅರ್ಜಿ ಕೊಟ್ಟಿದ್ದರು. ಗಡಿ ನೋಡಿ, ಮಂದಿಯ ಹೇಳಿಕೆ ಬರೆದುಕೊಂಡು ಬರುವುದು ನನ್ನ ಗಂಡನ ಪಾಲಿಗೆ ಬಂತು.

ಮನೆಯಲ್ಲಿ ಉಳಿದವರು ನಾನು, ಅತ್ತೆ, ಕೂಸು. ಹೆರಿಗೆಯ ನಂತರ ಜ್ವರ ಬಂದು ನನ್ನ ಎದೆಹಾಲು ಬತ್ತಿಹೋಗಿತ್ತು. ಬಿರುಬೇಸಿಗೆ, ಓಣಿಯಲ್ಲಿ ಹಿಂಡುವ ದನ ಒಂದೂ ಇರಲಿಲ್ಲ. ಅತ್ತೆ ಜೋಳದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಹನಿಹನಿಯಾಗಿ ಕುಡಿಸುತ್ತಿದ್ದರು. ಕೂಸಿನ ಅಳು ದಿನದಿನಕ್ಕೆ ಸಣ್ಣದಾಗುತ್ತಿತ್ತು. ಗಟ್ಟಿಯಾಗಿ ಅಳಲೆಂದು ನಾನು ದೇವರನ್ನು ಬೇಡುತ್ತಿದ್ದೆ.

ಹೀಗಿರುವಾಗ ಒಂದು ಮುಂಜಾನೆ ಹಿತ್ತಲ ಬಾಗಿಲಲ್ಲಿ ಒಬ್ಬ ನಿಂತಿದ್ದ. ಬಿಳಿ ಧೋತರ, ಕರಿ ಟೊಪ್ಪಿಗೆ, ಎಣ್ಣೆ ಹಚ್ಚಿ ತೀಡಿದ ಮೀಸೆ. ಕಚೇರಿಯ ಅಂಗಳದಲ್ಲಿ ದಿನವೂ ಕೂರುವ ದಲ್ಲಾಳಿ ಅವನು. ಅವನ ಹಿಂದೆ ಹಗ್ಗ ಹಿಡಿದ ಆಳು, ಆಳಿನ ಹಿಂದೆ ಕರುವಿನ ಸಮೇತ ಒಂದು ಎಮ್ಮೆ.

"ಕೂಸಿಗೆ ಹಾಲಿಲ್ಲಂತ ಕೇಳಿದೆ ತಂಗಿ. ಕೇಳಿ ಸುಮ್ನ ಕುಂದ್ರಾಕ ಆಗಲಿಲ್ಲ. ಕೂಸು ಗಟ್ಟಿಯಾಗೋತನ ಇರಲಿ."

"ಅವರು ಊರಾಗಿಲ್ಲ. ನಾವು ಏನೂ ತಗೊಳ್ಳಂಗಿಲ್ಲರೀ," ಎಂದೆ.

"ನಿಮಗ ಯಾರು ಕೊಡಾಕತ್ತಾರ? ಇದು ಕೂಸಿಂದು."

ಅತ್ತೆ ನನ್ನ ಮುಖ ನೋಡಲಿಲ್ಲ. ಹೋಗಿ ಹಗ್ಗ ಹಿಡಿದು ಎಮ್ಮೆಯನ್ನು ಹಿತ್ತಲ ಗೂಟಕ್ಕೆ ಕಟ್ಟಿದರು. ಅವನು ಹೋದ ಮೇಲೆ ಹಾಲು ಕಾಸಿ, ನೀರು ಬೆರೆಸಿ ಕುಡಿಸಿದರು. ಕೂಸು ಕುಡಿದು ಮಲಗಿತು. ನಾನು ಅದರ ಪಕ್ಕ ಕುಳಿತು ಯೋಚಿಸಿದೆ: ನನ್ನ ಎದೆ ಬತ್ತಿದ್ದು ಇವನಿಗೆ ಹೇಗೆ ತಿಳಿಯಿತು? ನಾನು ಅದನ್ನು ಅತ್ತೆಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅತ್ತೆಯನ್ನು ಕೇಳಿದರೆ ಅವರೂ ಹೇಳಿರಲಿಲ್ಲ. ಗೋಡೆಯಾಚೆ ಯಾರೋ ಕಿವಿಗೊಟ್ಟು ನಿಂತಿರಬಹುದೆಂದು ಹಿತ್ತಲ ಕಡೆ ನೋಡಲೂ ಹೆದರಿಕೆಯಾಯಿತು.

ಸಂಜೆ ಕಚೇರಿಯ ಚಪರಾಸಿ ಆ ಓಣಿಯಲ್ಲಿ ಹಾದುಹೋಗುತ್ತ, ಗೋಡೆಯ ಮೇಲಿಂದ ಇಣುಕಿ, "ಎಮ್ಮಿ ಯಾವಾಗ ತಂದ್ರಿ ಅಮ್ಮಾರ?" ಎಂದ. ನಗುತ್ತಲೇ ಕೇಳಿದ.

ಮರುದಿನ ದಲ್ಲಾಳಿ ಮತ್ತೆ ಬಂದ. ಹೊಸ್ತಿಲ ಹೊರಗೇ ನಿಂತು ಮೆಲ್ಲಗೆ ಮಾತಾಡಿದ.

"ಮಸ್ಕಿ ಕಾಗದ ಸಾಹೇಬ್ರ ಮುಂದ ಹೋಗಬ್ಯಾಡ ಅಂತ ನಾವು ಅನ್ನಂಗಿಲ್ಲ ತಂಗಿ. ಒಂದೀಟು ತಳಕ್ಕ ಇರಲಿ. ಮಳಿಗಾಲ ಮುಗಿಯೂದ್ರಾಗ ಈ ಸಾಹೇಬ್ರು ಬ್ಯಾರೆ ಕಡೆ ಹೋಗ್ತಾರ. ಪೇಶ್ಕಾರ್‌ಸಾಬ್ರಿಗೆ ನೀವು ಒಂದು ಮಾತು ಹೇಳಿದ್ರ ಮುಗೀತು."

ಅವನು ಟೊಪ್ಪಿಗೆ ಸರಿಮಾಡಿಕೊಂಡು, ಹೋಗುವವನಂತೆ ತಿರುಗಿ, ಮತ್ತೆ ನಿಂತ.

"ಮಸ್ಕಿ ದಾರಿ ಭಾಳ ಖಾಲಿ ದಾರಿ. ಹಳ್ಳದಾಗ ಒಂದು ಮನಷಾ ಸಿಗಂಗಿಲ್ಲ. ನಿಮ್ಮ ಯಜಮಾನ್ರು ಒಬ್ರೇ ಕುದುರಿ ಮ್ಯಾಲ ಅಡ್ಡಾಡ್ತಾರಂತ. ಹುಷಾರಿ ಇರಾಕ ಹೇಳ್ರಿ."

ಅವನು ಹೋದ ಮೇಲೆ ನಾನು ಎರಡೂ ಬಾಗಿಲು ಹಾಕಿ ಅಗಳಿ ಸರಿಸಿದೆ. ಎಮ್ಮೆ ಇಟ್ಟುಕೊಂಡರೆ ಗಂಡನಿಗೆ ಜೇಲು. ತಿರುಗಿ ಕಳಿಸಿದರೆ ಹಳ್ಳದ ದಾರಿ. ಇಟ್ಟುಕೊಂಡು ಸುಮ್ಮನಿದ್ದರೂ ಬಿಡುಗಡೆಯಿಲ್ಲ. ನಾಳೆ ಇನ್ನೊಂದು ಕಾಗದ, ನಾಡಿದ್ದು ಮತ್ತೊಂದು. ಒಮ್ಮೆ ಹಾಲು ಕುಡಿದ ಮನೆ ಎಂದು ಅವನು ಜೀವಮಾನವಿಡೀ ಹಿತ್ತಲಿಗೆ ಬರುತ್ತಾನೆ ಎನ್ನಿಸಿತು.

"ಅತ್ತೀ, ಎಮ್ಮಿ ಬಿಚ್ಚೋಣು," ಎಂದೆ. "ಕದ್ದುಮುಚ್ಚಿ ಕಳಿಸಿದ್ರ ನಾವ ಕಳ್ಳರಾಗ್ತೀವಿ. ಸೀದಾ ಕಚೇರಿಗೆ ಹೊಡಕೊಂಡು ಹೋಗೋಣು. ಎಲ್ಲಾರೂ ನೋಡಲಿ. ಎಲ್ಲಾರಿಗೂ ಗೊತ್ತಾದ ಮ್ಯಾಲ ನಿಮ್ಮ ಮಗನ್ನ ಮುಟ್ಟಾಕ ದೇಸಾಯರ ಮಂದೀನೂ ಹೆದರ್ತಾರ."

ಇದು ನಿಜವೆಂದು ನನಗೆ ಖಾತ್ರಿ ಇರಲಿಲ್ಲ. ಅತ್ತೆ ಬಹಳ ಹೊತ್ತು ಕೂಸನ್ನೇ ನೋಡಿದರು. ಕೊನೆಗೆ ಸೆರಗು ಬಿಗಿದು, "ಹಗ್ಗ ನಾ ಹಿಡೀತೀನಿ. ನೀ ಕೂಸು ಎತ್ತಿಗೋ," ಎಂದರು.

ಬಾಣಂತಿ ಹೆಣ್ಣು ಹಾಡುಹಗಲು ಬಜಾರಿನಲ್ಲಿ ಎಮ್ಮೆಯ ಹಿಂದೆ ನಡೆಯುವುದನ್ನು ಲಿಂಗಸುಗೂರು ಅದಕ್ಕೆ ಮೊದಲು ಕಂಡಿರಲಿಲ್ಲ. ಅಂಗಡಿಯವರು ತಕ್ಕಡಿ ಹಿಡಿದೇ ನಿಂತರು. ಯಾರೂ ಏನೂ ಕೇಳಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. ಎಮ್ಮೆ ಯಾರದೆಂದು ಅವರಿಗೆ ಆಗಲೇ ಗೊತ್ತಿತ್ತು.

ಕಚೇರಿಯ ಅಂಗಳದ ಬೇವಿನ ಗಿಡಕ್ಕೆ ಅತ್ತೆ ಹಗ್ಗ ಕಟ್ಟಿದರು. ಗದ್ದಲ ಕೇಳಿ ತಹಶೀಲ್ದಾರರು ಹೊರಗೆ ಬಂದರು; ತೆಳ್ಳನೆಯ, ನರೆಗಡ್ಡದ ಮನುಷ್ಯ. ಅವರ ಉರ್ದು ನನಗೆ ಅರೆಬರೆ ತಿಳಿಯುತ್ತಿತ್ತು. ಚಪರಾಸಿ ಕನ್ನಡಕ್ಕೆ ತಂದ.

"ಯಾರು ತಂದು ಕಟ್ಟಿದ್ರು ಅಂತ ಕೇಳ್ತಾರ."

ದಲ್ಲಾಳಿ ಅಲ್ಲೇ ಕಟ್ಟೆಯ ಮೇಲೆ ಎಲೆ ಮಡಿಸುತ್ತ ಕುಳಿತಿದ್ದ. ನನ್ನನ್ನೇ ನೋಡುತ್ತಿದ್ದ. ಕೂಸನ್ನು ಎಡಗೈಗೆ ಬದಲಿಸಿಕೊಂಡು ಬಲಗೈ ಎತ್ತಿ ತೋರಿಸಿದೆ.

"ನೀನು ಯಾರ ಕಡೆಯವನು?" ಎಂದು ಸಾಹೇಬರು ಅವನನ್ನು ಕೇಳಿದರು. ಹುಕುಮಿನ ಪ್ರಕಾರ ಅವನು ಮಂದಿಯ ಎದುರು ಹೇಳಬೇಕಿತ್ತು. ದೇಸಾಯರ ಹೆಸರೆತ್ತಿದರೆ ಅವರೂ ಸಿಕ್ಕಿಬೀಳುತ್ತಿದ್ದರು.

"ನಾ ಯಾರ ಕಡ್ಯಾಂವೂ ಅಲ್ರೀ. ಈ ಎಮ್ಮಿ ನಾ ನೋಡೇ ಇಲ್ಲ."

ವಾರಸುದಾರರಿಲ್ಲದ ದನ ಕೊಂಡವಾಡದ ದೊಡ್ಡಿಗೆ ಹೋಗಲಿ, ತನ್ನದೆನ್ನುವವರು ಬಂದು ತಮ್ಮ ಮುಂದೆ ಹೇಳಿ ಬಿಡಿಸಿಕೊಳ್ಳಲಿ ಎಂದರು ಸಾಹೇಬರು. ದಲ್ಲಾಳಿ ಇನ್ನು ಅಂಗಳಕ್ಕೆ ಕಾಲಿಡಕೂಡದು. ನನ್ನತ್ತ ತಿರುಗಿ ಏನೋ ಹೇಳಿದರು. ಚಪರಾಸಿ, "ಮನಿಗೆ ಹೋಗ್ರಿ ಅಂತಾರ," ಎಂದ. ಅಷ್ಟೇ.

ಮನೆಗೆ ಬಂದ ಮೇಲೆಯೇ ನಿಜವಾದ ಹೆದರಿಕೆ ಸುರುವಾಯಿತು. ಗಂಡ ಬರಬೇಕಾದ ದಿನ ಬರಲಿಲ್ಲ. ಮರುದಿನವೂ ಇಲ್ಲ. ಎದುರು ಕಟ್ಟೆಯ ಮೇಲೆ ಗುರುತಿಲ್ಲದ ಇಬ್ಬರು ಬಂದು ಕೂರುತ್ತಿದ್ದರು. ಕುದುರೆಯ ಗೊರಸಿನ ಸದ್ದಾದರೆ ಎದ್ದು ಓಡುತ್ತಿದ್ದೆ. ಬಾಗಿಲು ತೆರೆಯುವ ಧೈರ್ಯವಾಗದೆ ಅಗಳಿ ಹಿಡಿದು ನಿಲ್ಲುತ್ತಿದ್ದೆ. ಅವರಿಲ್ಲದ ಬರಿ ಕುದುರೆ ಬಂದು ನಿಂತಂತೆ ಹಗಲಲ್ಲೇ ಕಣ್ಣಿಗೆ ಕಟ್ಟುತ್ತಿತ್ತು. ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೊನೆಗೆ ಒಂದು ಇಳಿಹೊತ್ತು ಅವರು ಬಂದರು. ಮೈತುಂಬ ಕೆಂಧೂಳು. ನೀರು ಕುಡಿದು ಗೋಡೆಗೆ ಒರಗಿ ಕುಳಿತು, "ಮಸ್ಕಿಯಾಗ ಎಮ್ಮಿ ಸುದ್ದಿ ಸಿಕ್ತು," ಎಂದರು. "ಇಬ್ಬರು ಕುದುರಿ ಮ್ಯಾಲ ನನ್ನ ಹಿಂದ ಬಂದ್ರು. ಒಂದು ಮಾತಿಲ್ಲ. ಹಳ್ಳದ ತನ ಬಂದ್ರು. ಹಳ್ಳದಾಗ ಕುರುಬರು ಕುರಿ ಬಿಟ್ಕೊಂಡು ನಿಂತಿದ್ರು, ಮೂವತ್ತು ನಲವತ್ತು ಮಂದಿ. ಅವರನ್ನ ನೋಡಿ ಹೊಳ್ಳಿ ಹೋದ್ರು."

ನಾನು ಅಳತೊಡಗಿದೆ.

"ನನ್ನ ಜೀವ ಅಲ್ಲಿ ಐತಂತ ಗೊತ್ತಿತ್ತಿಲ್ಲೋ ನಿನಗ?"

"ಗೊತ್ತಿತ್ತು."

ಮರುದಿನ ಕಾಗದ ಸಾಹೇಬರ ಮುಂದೆ ಹೋಯಿತು. ವಿಚಾರಣೆ ಬೇವಿನ ಗಿಡದ ಕೆಳಗೆ ಎಲ್ಲರೆದುರು ನಡೆದು, ಗಾಯರಾಣ ಊರಿಗೇ ಉಳಿಯಿತು.

ಆಮೇಲೆ ಒಬ್ಬ ಕುರುಬ ಹೆಂಗಸು ಮಸ್ಕಿಯಿಂದ ನಡೆದು ಬಂದಳು. ಜೊತೆಗೆ ಹಾಲಿನ ಮೇಕೆ.

"ಕೂಸಿಗೆ ರೀ ಯವ್ವಾ."

"ಬ್ಯಾಡವ್ವಾ. ಹುಕುಂ ಐತಿ."

"ಅಂವ ಎಮ್ಮಿ ತಂದಾಗ ಒಳಗ ಕಟ್ಟಿಗೊಂಡ್ರಿ. ನಾ ಆಡು ತಂದ್ರ ಹೊರಗ ನಿಂದರಸ್ತೀರಿ?"

ನಾನು ಹೊಸ್ತಿಲು ಬಿಟ್ಟು ಸರಿಯಲಿಲ್ಲ. ಅವಳು ಅದೇ ಬಿಸಿಲಲ್ಲಿ ಮೇಕೆಯನ್ನು ಹಿಡಿದು ವಾಪಸು ನಡೆದಳು. ಮಳೆ ಬಿದ್ದು ಓಣಿಯ ಆಕಳು ಈಯುವ ತನಕ ಕೂಸು ಗಂಜಿಯಲ್ಲೇ ಜೀವ ಹಿಡಿದಿತ್ತು.

ಮಳೆಗಾಲ ಮುಗಿಯುವುದರೊಳಗೆ ತಹಶೀಲ್ದಾರರಿಗೆ ವರ್ಗವಾಯಿತು. ಹೊಸಬರು ಆ ಹುಕುಮನ್ನು ರದ್ದು ಮಾಡಲಿಲ್ಲ. ಅದರ ಮಾತನ್ನೂ ಎತ್ತಲಿಲ್ಲ. ನನ್ನ ಗಂಡನನ್ನು ಸಿಂಧನೂರಿಗೆ ಕಳಿಸಿದರು. ನಮ್ಮ ಗಾಡಿ ಅಂಗಳದ ಮುಂದೆ ಹಾಯುವಾಗ ದಲ್ಲಾಳಿ ಕಚೇರಿಯ ಕಟ್ಟೆಯಿಂದಲೇ ಎದ್ದು ಬಂದು, ಕೂಸಿನ ಗಲ್ಲ ಮುಟ್ಟಿ, "ಹೋಗಿಬರ್ರಿ ತಂಗಿ. ಸಿಂಧನೂರಾಗೂ ನಮ್ಮ ಮಂದಿ ಅದಾರ," ಎಂದ.

ಸಿಂಧನೂರಿನಲ್ಲಿ ಯಾರೂ ಬರಲಿಲ್ಲ. ಮಗಳು ನಡೆಯಲು ಕಲಿತದ್ದು ಅಲ್ಲಿಯೇ. ಅವಳು ಹೊಸ್ತಿಲ ಹತ್ತಿರ ಹೋದಾಗಲೆಲ್ಲ ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಎತ್ತಿಕೊಳ್ಳುತ್ತಿದ್ದೆ. ಅವಳಿಗೆ ಅದೊಂದು ಆಟವಾಗಿತ್ತು.