ಬಡ್ತಿ ಬೇಡವೆಂದ ಕತ್ತರಿಯಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸ್ಟೀಲ್ ಮೇಜಿನ ಮುಂದೆ ನಿಂತ ಹೆಂಗಸೊಬ್ಬರು ಕತ್ತರಿಯೊಂದನ್ನು ದೀಪದಡಿ ಹಿಡಿದು, ತೆರೆದು, ಮುಚ್ಚಿ, ಭೂತಗನ್ನಡಿಯಲ್ಲಿ ಅದರ ಸಂದು ನೋಡುತ್ತಿದ್ದಾರೆ. ನಾನು ನಮಸ್ಕಾರ ಹೇಳಿ ಏಳು ನಿಮಿಷವಾಗಿದೆ. ಟ್ರೇ ಮುಗಿದ ಮೇಲೆ ಉತ್ತರ ಬರುತ್ತದೆ: "ನಮಸ್ಕಾರ. ಮಧ್ಯದಲ್ಲಿ ಮಾತಾಡಿದ್ರೆ ಮೊದಲಿಂದ ಎಣಿಸ್ಬೇಕಾಗುತ್ತೆ."

ನರ್ಸುಗಳು ಇವರನ್ನು ಕತ್ತರಿಯಕ್ಕ ಎನ್ನುತ್ತಾರೆ. ವಯಸ್ಸು ನಲವತ್ತೊಂದು. ಆಪರೇಷನ್ ಮುಗಿದು, ತೊಳೆದು ಬಂದ ಉಪಕರಣಗಳನ್ನು ಪರೀಕ್ಷಿಸಿ, ಪಟ್ಟಿಯಂತೆ ಜೋಡಿಸಿ, ಬಟ್ಟೆಯಲ್ಲಿ ಕಟ್ಟಿ, ಕ್ರಿಮಿ ಕೊಲ್ಲುವ ಹಬೆಯ ಯಂತ್ರಕ್ಕೆ ಕೊಡುವುದು ಹದಿನಾರು ವರ್ಷದಿಂದ ಇವರ ಕೆಲಸ. ದಿನಕ್ಕೆ ನಲವತ್ತು ಟ್ರೇ. ಒಂದೊಂದರಲ್ಲಿ ಐವತ್ತರ ಆಸುಪಾಸು ಸಾಮಾನು ಎಂದು ನಾನು ಬರೆದುಕೊಂಡರೆ, ಇಣುಕಿ ನೋಡಿ, "ಆಸುಪಾಸು ಅಲ್ಲ, ಐವತ್ತೆರಡು" ಎನ್ನುತ್ತಾರೆ. ತೆಪ್ಪಗೆ ತಿದ್ದಿಕೊಂಡೆ.

ಇವರಿಗೆ ಆಟಿಸಂ ಇದೆಯೆಂದು ಗೊತ್ತಾಗಿದ್ದು ಮೂವತ್ತಾರನೇ ವಯಸ್ಸಿನಲ್ಲಿ. "ಚಿಕ್ಕವಳಿದ್ದಾಗ ಹಟಮಾರಿ, ಜಂಬದವಳು ಅಂತ ಬೈದಿದ್ದೇ ಬೈದಿದ್ದು. ನಾನೂ ಬೈದಿದೀನಿ. ಈಗ ನೆನೆಸ್ಕೊಂಡ್ರೆ ಕರುಳು ಚುರುಕ್ ಅನ್ನುತ್ತೆ" ಎನ್ನುತ್ತಾರೆ ಒಂದೇ ಮನೆಯಲ್ಲಿರುವ ಅಣ್ಣ. ಅವರು ಬಸ್ ಡ್ರೈವರ್. ಕೆಲಸದಿಂದ ಬಂದ ತಂಗಿ ಒಂದು ಗಂಟೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಬೇಕು. ಅಷ್ಟು ಹೊತ್ತು ಆ ಮನೆಯಲ್ಲಿ ಯಾರೂ ಮಿಕ್ಸಿ ಹಾಕುವುದಿಲ್ಲ.

ಇಂಥವರಿಗೆ ಅಪರೂಪದ ಶಕ್ತಿ ಇರುತ್ತದಂತಲ್ಲ ಎಂದು ನಾನೂ ಎಲ್ಲರಂತೆ ಕತ್ತರಿಯಕ್ಕನ ಮುಂದೆ ಬಾಯಿಬಿಟ್ಟೆ.

"ಶಕ್ತಿ ಏನಿಲ್ಲ. ಎಲ್ಲಾ ಕಾಣುತ್ತೆ, ಎಲ್ಲಾ ಕೇಳ್ಸುತ್ತೆ. ಬೇಡ ಅಂದ್ರೂ ನಿಲ್ಲಲ್ಲ. ಸುಸ್ತಾಗುತ್ತೆ."

ಹೋದ ತಿಂಗಳು ಆಪರೇಷನ್ನಿನ ಇಕ್ಕಳವೊಂದರಲ್ಲಿ ಎಳ್ಳು ಗಾತ್ರದ ಸ್ಕ್ರೂ ಒಂದು ಕಾಣೆಯಾಗಿತ್ತು. "ತೊಳೆಯುವಾಗ ಬಿದ್ದಿರುತ್ತೆ ಬಿಡಮ್ಮ" ಎಂದರು ಎಲ್ಲರೂ. ಇವರು ಬಿಡಲಿಲ್ಲ. ತೊಟ್ಟಿ, ಬಟ್ಟೆ, ಮೋರಿಯ ಜಾಲರಿ ಎಲ್ಲ ಜಾಲಾಡಿದರು. ಫೋನ್ ಬಂದರೆ ಪಕ್ಕದವರ ಕೈಗೆ ಕೊಟ್ಟುಬಿಡುವ ಈ ಹೆಂಗಸು ಆಪರೇಷನ್ ಕೊಠಡಿಗೆ ಮೂರು ಸಲ ಫೋನ್ ಮಾಡಿದರು, ಎರಡು ಸಲ ಬೈಸಿಕೊಂಡರು. ಕೊನೆಗೆ ಎಕ್ಸ್-ರೇ ತೆಗೆದರೆ ಸ್ಕ್ರೂ ರೋಗಿಯ ಹೊಟ್ಟೆಯಲ್ಲೇ ಇತ್ತು. ಹೊರತೆಗೆದರು. ರೋಗಿ ವಾರದೊಳಗೆ ನಡೆದುಕೊಂಡು ಮನೆಗೆ ಹೋದರು.

ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ಆಸ್ಪತ್ರೆಯವರು ಸನ್ಮಾನ ಮಾಡಿದರು. ಇನ್ನೂರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದಾಗ ಕತ್ತರಿಯಕ್ಕ ಎರಡೂ ಕಿವಿ ಮುಚ್ಚಿಕೊಂಡು ವೇದಿಕೆ ಇಳಿದು ಹೊರಟೇಹೋದರು. ಮೇಲಧಿಕಾರಿ ಕೆಟ್ಟವರೇನಲ್ಲ, ಅವರಿಗೆ ನಿಜಕ್ಕೂ ಕನಿಕರ ಹುಟ್ಟಿತು. "ಪಾಪ, ಆ ನೆಲಮಾಳಿಗೇಲಿ ಎಷ್ಟು ವರ್ಷಾಂತ ಇರ್ತಾರೆ? ನಾಲ್ಕು ಜನರ ಜೊತೆ ಬೆರೀಲಿ ಅಂತ ಬಡ್ತಿ ಕೊಟ್ಟಿದೀವಿ" ಎಂದು ನನ್ನೆದುರೇ ಹೆಮ್ಮೆಯಿಂದ ಹೇಳಿದರು. ಬರುವ ಸೋಮವಾರದಿಂದ ಇವರು ಮುಂಬಾಗಿಲ ವಿಚಾರಣೆ ಕೌಂಟರಿನಲ್ಲಿ ಕೂರಬೇಕು.

ಆ ಕೌಂಟರನ್ನು ನೋಡಿ ಬಂದೆ. ಎರಡು ಫೋನು, ಟೋಕನ್ ಕೂಗುವ ಮೈಕು, ಅಳುವ ಮಕ್ಕಳು, ಗಾಜಿಗೆ ಬಡಿಯುವ ಗಾಬರಿಯ ಜನ. ನನಗೇ ಹತ್ತು ನಿಮಿಷಕ್ಕೆ ತಲೆ ಸಿಡಿಯಿತು. ತರಬೇತಿಯೆಂದು ಇವರನ್ನು ಅಲ್ಲಿ ಅರ್ಧ ದಿನ ಕೂರಿಸಿದ್ದರಂತೆ. "ಮನೆಗೆ ಬಂದು ವಾಂತಿ ಮಾಡ್ಕೊಂಡ್ಳು. ಎರಡು ದಿನ ಮಾತೇ ಇಲ್ಲ. ಸೋಮವಾರ ಹೋದ್ರೆ ಕೆಲಸಾನೇ ಬಿಟ್ಬಿಡ್ತಾಳೆ" ಎನ್ನುತ್ತಾರೆ ಅಣ್ಣ. ಬಡ್ತಿ ಬೇಡವೆಂದು ಮೂರು ಅರ್ಜಿ ಕೊಟ್ಟಾಗಿದೆ. ಸಂಕೋಚಕ್ಕೆ ಹಾಗೆ ಹೇಳುತ್ತಿದ್ದಾರೆಂದು ಮೇಲಧಿಕಾರಿ ನಕ್ಕುಬಿಡುತ್ತಾರೆ. ಎದ್ದುಹೋಗಿ ಕೂಗಾಡಬೇಕೆನಿಸುತ್ತದೆ ನನಗೆ.

ಇಂದು ಶುಕ್ರವಾರ. ಹನ್ನೊಂದನೇ ಟ್ರೇ ಮುಗಿಯುತ್ತದೆ. ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ಕತ್ತರಿಯಕ್ಕ ಕೈಗವಸು ತೆಗೆದು, ಮಡಚಿಟ್ಟು, ಯೋಚಿಸುತ್ತಾರೆ.

"ನಾಳೆಯೇ ಬರುತ್ತಾ?"

"ಬರುತ್ತೆ."

"ಹಾಗಾದ್ರೆ ಹೊಗಳ್ಬೇಡಿ. ಹೋದ ಸಲ ಹೊಗಳಿದ್ದಕ್ಕೇ ಹೀಗಾಯ್ತು. ನನ್ನನ್ನ ಇಲ್ಲೇ ಬಿಡ್ಬೇಕಂತೆ ಅಂತ ಬರೀರಿ, ಅಷ್ಟೇ."